ಕೈಲ್‌ಪೊಳ್ದ್ ಹಬ್ಬಕ್ಕೆ ಆ ಕೋವಿಯನ್ನೂ ಪೂಜೆಗೆ ಇಡಬೇಕಾ?

ಕಕ್ಕಡಮಳೆ

ಇಲ್ಲಿ ಬರೆಯೋದೋ ಬೇಡವೋ ಅಂತ ತುಂಬಾ ಯೋಚಿಸಿದೆ. ಮನೆಯಲ್ಲಿ ಕೇಳಿದರೆ ಜಗಳ, ಊರಲ್ಲಿ ಕೇಳಿದರೆ ಸುದ್ದಿ. ಹೆಸರು, ನಾಡು ಹೇಳಲ್ಲ. ದಕ್ಷಿಣ ಕೊಡಗು ಅಂದರೆ ಸಾಕು, ದಯವಿಟ್ಟು ಯಾರೂ ಊಹಿಸೋಕೆ ಹೋಗಬೇಡಿ.

ನಮ್ಮ ಚಿಕ್ಕಪ್ಪನ ಮಗ ತೀರಿಕೊಂಡಾಗ ಡಿಗ್ರಿ ಎರಡನೇ ವರ್ಷದಲ್ಲಿದ್ದ. ಗದ್ದೆಗೆ ಹಂದಿ ಇಳಿದಿದೆ ಅಂತ ರಾತ್ರಿ ಅವನೂ ದೊಡ್ಡಪ್ಪನ ಮಗನೂ ಟಾರ್ಚ್ ಹಿಡಿದು ಹೊರಟರು. ಹಂದಿ ಸಿಗಲಿಲ್ಲ. ವಾಪಸ್ ಬರುವಾಗ ತೋಟದ ಬೇಲಿ ದಾಟೋವಾಗ ಹಿಂದಿದ್ದವನ ಕೈಯಲ್ಲಿದ್ದ ಜೋಡುನಳಿಗೆ ಕೋವಿ ಹಾರಿಬಿಟ್ಟಿತು. ಒಳಗಿನ ತೋಟೆ, ಅಂದರೆ ಗುಂಡು, ತೆಗೆದಿರಲಿಲ್ಲ. ಇಬ್ಬರೂ ಚಿಕ್ಕಂದಿನಿಂದ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು.

ಕೇಸು ನಡೆಯಿತು, ಮುಗಿಯಿತು. ಇಷ್ಟು ವರ್ಷ ಠಾಣೆ, ಕೋರ್ಟು ಅಂತ ಇದ್ದ ಕೋವಿ ಈಗ ವಾಪಸ್ ಬಂದಿದೆ. ಅಜ್ಜನ ಕಾಲದ್ದು. ನಮ್ಮ ಒಕ್ಕದ, ಅಂದರೆ ಮನೆತನದ ಯಜಮಾನರಾದ ಪಟ್ಟೆದಾರರು ಹೇಳೋದು, ಅದು ಒಕ್ಕದ ಕೋವಿ, ಉಳಿದವುಗಳ ಜೊತೆ ದೇವರ ಕೋಣೆ ಕನ್ನಿಕೊಂಬರೆಯಲ್ಲೇ ಇಟ್ಟು ತೋಕ್‌ಪೂ ಹೂ ಮುಡಿಸಬೇಕು, ಕಬ್ಬಿಣದ್ದೇನು ತಪ್ಪು ಅಂತ. ಚಿಕ್ಕಮ್ಮನದು ಒಂದೇ ಮಾತು: ಅದಕ್ಕೆ ಗಂಧ ಹಚ್ಚುವ ಮನೆಗೆ ನಾನು ಕಾಲಿಡಲ್ಲ. ದೊಡ್ಡಪ್ಪನ ಮಗ ಆವತ್ತಿನಿಂದ ನಮ್ಮ ಮೂಲಮನೆ ಐನ್‌ಮನೆ ಕಡೆ ತಲೆಯೇ ಹಾಕಿಲ್ಲ. ಬೆಂಗಳೂರಲ್ಲಿದ್ದಾನೆ. ಮದುವೆ ಮಾತೆತ್ತಿದರೆ ಫೋನ್ ಇಟ್ಟುಬಿಡ್ತಾನೆ.

ಇಂಥದ್ದು ಆದ ಮನೆಯವರು ಇಲ್ಲಿದ್ದರೆ ಹೇಳಿ. ನೀವೇನು ಮಾಡಿದಿರಿ?

ಗದ್ದೆಬದು

ಓದಿ ಹೊಟ್ಟೆ ತೊಳಸಿತು. ನಮ್ಮ ಮನೆಯಲ್ಲಿ ಇಂಥದ್ದು ಆಗಿಲ್ಲ, ಆದ್ದರಿಂದ ಬುದ್ಧಿ ಹೇಳೋಕೆ ಬರಲ್ಲ. ಆದರೆ ಪಟ್ಟೆದಾರರ ಮಾತನ್ನ ತೆಗೆದುಹಾಕೋಕೂ ಆಗಲ್ಲ. ಕೈಲ್‌ಪೊಳ್ದ್ ದಿನ ನಾವು ಪೂಜೆ ಮಾಡೋದು ಕೋವಿ ಒಂದನ್ನೇ ಅಲ್ಲ, ಕತ್ತಿ, ನೇಗಿಲು ಎಲ್ಲವನ್ನೂ. ನಾಟಿ ಕೆಲಸ ಮುಗಿದು, ಎತ್ತಿಟ್ಟಿದ್ದ ಆಯುಧ ಕೆಳಗಿಳಿಸುವ ಹಬ್ಬ ಅದು. ಅದರಲ್ಲಿ ಒಂದನ್ನು ಮಾತ್ರ ಹೊರಗಿಟ್ಟರೆ ಪ್ರತಿ ವರ್ಷ ಎಲ್ಲರ ಕಣ್ಣೂ ಆ ಖಾಲಿ ಜಾಗದ ಮೇಲೇ ಇರುತ್ತೆ.

ಬೇಲಿ ವಿಷಯಕ್ಕೆ ಒಂದು ಮಾತು. ನಮ್ಮಜ್ಜ ಬೇಲಿ, ತೋಡು, ಕಾಲುಸಂಕ ಯಾವುದು ಬಂದರೂ ನಿಂತುಬಿಡ್ತಿದ್ದರು. ಕೋವಿ ಮಡಚಿ, ತೋಟೆ ತೆಗೆದು ಜೇಬಿಗೆ ಹಾಕಿ, ಕೋವಿಯನ್ನ ಬೇಲಿಯ ಆಚೆ ನೆಲದ ಮೇಲಿಟ್ಟು, ಆಮೇಲೆ ದಾಟೋದು. ಮಳೆ ಸುರೀತಿದ್ದರೂ ಅಷ್ಟೇ. ಈಗಿನ ಹುಡುಗರಿಗೆ ತೆಂಗಿನಕಾಯಿಗೆ ಗುರಿ ಇಡೋದು ಕಲಿಸ್ತೀವಿ, ಇದನ್ನ ಯಾರೂ ಕಲಿಸಲ್ಲ.

ಕರಿಮೆಣಸು

ಗದ್ದೆಬದು ಅಣ್ಣಾ, ಖಾಲಿ ಜಾಗದ ಮೇಲೆ ಎಲ್ಲರ ಕಣ್ಣು ಇರಲಿ ಬಿಡಿ. ಮಗನನ್ನ ಕಳಕೊಂಡವಳು ಪ್ರತಿ ದಿನ ನೋಡ್ತಿರೋದು ಅದನ್ನೇ ತಾನೆ? ಉಳಿದವರು ವರ್ಷಕ್ಕೊಮ್ಮೆ ನೋಡಿದರೆ ಏನೂ ಆಗಲ್ಲ.

ಕಕ್ಕಡಮಳೆ, ನಿಮ್ಮ ಚಿಕ್ಕಮ್ಮನ ಮಾತೇ ಕೊನೆ. ಅಜ್ಜನ ಕಾಲದ ಕೋವಿ ಅನ್ನೋದು ದೊಡ್ಡದಾ, ಒಕ್ಕಕ್ಕೆ ಬಂದ ಸೊಸೆ ದೊಡ್ಡವಳಾ ಅಂತ ಪಟ್ಟೆದಾರರನ್ನೇ ಕೇಳಿ.

ನಿವೃತ್ತ ಖಾಕಿ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳ್ತೀನಿ, ಈ ಗೊಂದಲ ಸುಮಾರು ಮನೆಗಳಲ್ಲಿದೆ.

ವಾಪಸ್ ಬಂದ ಕೋವಿಯನ್ನ ಮನೆಯಲ್ಲೇ ಇಟ್ಟುಕೊಳ್ಳಬೇಕು ಅಂತೇನಿಲ್ಲ. ಪರವಾನಗಿ ಇರುವ ಆಯುಧ ವ್ಯಾಪಾರಿಯ ಹತ್ತಿರ ಇಡಬಹುದು. ಬೇಡವೇ ಬೇಡ ಅನ್ನೋದಾದರೆ ಠಾಣೆಗೆ ಹೋಗಿ ಲಿಖಿತವಾಗಿ ಕೇಳಿ, ದಾರಿ ಹೇಳ್ತಾರೆ. ನೀವೇ ಕೊಳಕ್ಕೆ ಎಸೆಯೋದು, ಹೂತುಹಾಕೋದು ಮಾತ್ರ ಮಾಡಬೇಡಿ. ದುಃಖದಲ್ಲಿ ಹಾಗೆ ಮಾಡಿ ಆಮೇಲೆ ಕೋವಿ ಎಲ್ಲಿ ಅಂತ ಉತ್ತರ ಕೊಡೋಕೆ ಪರದಾಡಿದವರನ್ನ ನೋಡಿದ್ದೇನೆ.

ಕೇಸಿನ ಬಗ್ಗೆ: ನಿರ್ಲಕ್ಷ್ಯದಿಂದ ಸಾವು ಅಂತಾದರೆ ಮೊದಲು ಐಪಿಸಿ 304ಎ, ಹೆಚ್ಚೆಂದರೆ 2 ವರ್ಷ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, 5 ವರ್ಷದವರೆಗೂ ಹೋಗುತ್ತೆ. ಇನ್ನೊಂದು, ಹುತ್ತರಿ ಹಬ್ಬ, ಮದುವೆ ಅಂತ ಗುಂಡು ಹೊಡೆಯುವವರೂ ಕೇಳಿಸಿಕೊಳ್ಳಿ. ಆಯುಧ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಸಂಭ್ರಮಕ್ಕೆ ಅಂತ ಬೇಕಾಬಿಟ್ಟಿ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಕಾನೂನು ಇಷ್ಟೇ. ಚಿಕ್ಕಮ್ಮನ ವಿಷಯಕ್ಕೆ ಕಲಂ ಇಲ್ಲ.

ಹಾಕಿಮೈದಾನ

ಇಂಥ ವಿಷಯವನ್ನ ಬಹಿರಂಗವಾಗಿ ಚರ್ಚೆ ಮಾಡೋದು ಬೇಕಾ? ಹೊರಗಿನವರು ಇದನ್ನೇ ಓದಿ ‘ನೋಡಿ, ಕೊಡಗಿನವರ ಕೋವಿ ಕಿತ್ತುಕೊಳ್ಳಿ’ ಅಂತ ಶುರು ಮಾಡ್ತಾರೆ. ಪರವಾನಗಿ ಇಲ್ಲದೇ ಕೋವಿ ಇಟ್ಟುಕೊಳ್ಳೋಕೆ 1861ರಿಂದ ಬಂದ ವಿನಾಯಿತಿ ನಮ್ಮದು. ಅದರ ಮೇಲೂ ಕೋರ್ಟಿಗೆ ಹೋದರು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಈಗಿನ ಆದೇಶದ ಅವಧಿ ಇರೋದು 2029ರ ಅಕ್ಟೋಬರ್‌ವರೆಗೆ. ಮುಂದೆ ಮುಂದುವರಿಸುವಾಗ ಇಂಥದ್ದನ್ನೆಲ್ಲ ಎತ್ತಿ ತೋರಿಸಿದರೆ? ನಮ್ಮಲ್ಲಿ ಕೋವಿ ಎಷ್ಟಿವೆ, ಅಪರಾಧ ಎಷ್ಟಾಗುತ್ತೆ ಅಂತ ಅವರು ನೋಡಲ್ಲ. ಗಂಡುಮಗು ಹುಟ್ಟಿದರೆ ಒಂದು ಈಡು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಈಡು. ಇದು ನಮ್ಮ ಬದುಕು.

ಕಕ್ಕಡಮಳೆ

ಹಾಕಿಮೈದಾನ, ನನ್ನ ತಮ್ಮ ಹುಟ್ಟಿದಾಗ ಆ ಒಂದು ಈಡು ಹೊಡೆದದ್ದು ಇದೇ ಕೋವಿಯಿಂದ. ಅವನು ಹೋದಾಗ ಎರಡು ಈಡು ಪಕ್ಕದ ಮನೆಯವರ ಕೋವಿಯಿಂದ ಹೊಡೆಸಿದರು, ನಮ್ಮದು ಆಗಲೇ ಪೊಲೀಸರ ಜೀಪಿನಲ್ಲಿತ್ತು. ವಿನಾಯಿತಿ ಬೇಡ ಅಂತ ನಾನೆಲ್ಲೂ ಹೇಳಿಲ್ಲ. ಚಿಕ್ಕಮ್ಮನೂ ಹೇಳಿಲ್ಲ. ನಮ್ಮ ಮನೆಯಲ್ಲಿ ಇನ್ನೂ ಕೋವಿ ಇವೆ. ಇದರ ಬಗ್ಗೆ ಮಾತಾಡದೇ ಇದ್ದರೆ ಆ ಹಕ್ಕು ಗಟ್ಟಿಯಾಗುತ್ತೆ ಅನ್ನೋ ಲೆಕ್ಕ ನನಗಂತೂ ಹತ್ತಲ್ಲ.

ಲೈನ್‌ಮನೆಯವಳು

ಓದ್ತಾ ಇದ್ದೆ, ಬರೆಯೋದು ಬೇಡ ಅಂದುಕೊಂಡಿದ್ದೆ. ಎರಡು ಈಡು ಅಂತ ನೋಡಿ ಸುಮ್ಮನಿರೋಕೆ ಆಗಲಿಲ್ಲ.

ನಮಗೆ ಐನ್‌ಮನೆ ಇಲ್ಲ, ಕೋವಿ ಇಲ್ಲ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದವರು, ಕೂಲಿಯವರ ಲೈನ್‌ಮನೆಯಲ್ಲೇ ವಾಸ. ನಮ್ಮಣ್ಣ ಮಳೆಗಾಲದಲ್ಲಿ ರಾತ್ರಿ ತೋಡಿಗೆ ಏಡಿ ಹಿಡಿಯೋಕೆ ಹೋಗಿದ್ದ. ಯಾರೋ ಬೇಟೆಗೆ ಮರೆಯಲ್ಲಿ ಮರಸು ಕೂತಿದ್ದರಂತೆ. ಹಂದಿ ಅಂದುಕೊಂಡರಂತೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ನಿಷೇಧ ಅಂತ ಆಮೇಲೆ ಯಾರೋ ಹೇಳಿದರು. ಏಡಿ ಹಿಡಿಯೋಕೆ ಹೋದವನಿಗೆ ಅದನ್ನ ತಿಳಿದು ಏನಾಗಬೇಕಿತ್ತು?

ತೋಟದ ಕಡೆಯವರು ಬಂದು ಅಪ್ಪನ ಕೈಯಲ್ಲಿ ದುಡ್ಡಿಟ್ಟು ಹೋದರು. ಅಪ್ಪ ಬೇಡ ಅನ್ನಲಿಲ್ಲ. ಅಪ್ಪನ್ನ ಬೈಯೋಕೆ ಸುಲಭ. ಮಾರನೇ ದಿನವೂ ಅದೇ ಲೈನಲ್ಲಿ ಮಲಗಬೇಕಿತ್ತು, ಅದೇ ತೋಟಕ್ಕೆ ಹೋಗಬೇಕಿತ್ತು.

ಅಣ್ಣನ ಫೋಟೋ ಅಂತ ಮನೆಯಲ್ಲಿ ಇದ್ದದ್ದು ಆಧಾರ್ ಕಾರ್ಡಿನದು ಒಂದೇ. ಅದನ್ನೇ ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿದೆವು. ಸ್ಟುಡಿಯೋದವನು ಚೆನ್ನಾಗಿ ಕಾಣಲಿ ಅಂತ ಕೋಟು, ಟೈ ಹಾಕಿಸಿಬಿಟ್ಟಿದ್ದ. ಹಿಂದೆ ನೀಲಿ ಪರದೆ. ಅಮ್ಮ ನೋಡಿ ‘ಇದು ಯಾರದು?’ ಅಂದಳು. ಅದೇ ಫೋಟೋಗೆ ಈಗಲೂ ಹೂ ಹಾಕ್ತೀವಿ.

ನಿಮ್ಮ ಹಬ್ಬದ ದಿನ ಮೈದಾನದಲ್ಲಿ ತೆಂಗಿನಕಾಯಿಗೆ ಹೊಡೆಯೋ ಸದ್ದು ಲೈನಿಗೆ ಕೇಳಿಸುತ್ತೆ. ಅಮ್ಮ ಟಿವಿ ಜೋರು ಮಾಡ್ತಾಳೆ. ಹಬ್ಬ ಮಾಡಬೇಡಿ ಅಂತ ನಾನು ಹೇಳ್ತಾ ಇಲ್ಲ. ಕಕ್ಕಡಮಳೆ ಅಕ್ಕ, ನಿಮ್ಮ ಮನೆಯಲ್ಲಿ ಕೋವಿ ಎಲ್ಲಿಡೋದು ಅಂತ ಜಗಳ ಆಗ್ತಿದೆ. ನಮ್ಮಣ್ಣನಿಗೆ ಹೊಡೆದ ಕೋವಿ ಯಾವ ಮನೆಯಲ್ಲಿದೆ ಅಂತ ನಮಗೆ ಗೊತ್ತು. ಪ್ರತಿ ವರ್ಷ ಅದಕ್ಕೂ ಹೂ ಮುಡಿಸ್ತಾರೆ.

ಗದ್ದೆಬದು

ತಂಗೀ, ಏನು ಹೇಳೋಕೂ ಬಾಯಿ ಬರ್ತಿಲ್ಲ.

ನಿವೃತ್ತ ಖಾಕಿ

ದುಡ್ಡು ತಗೊಂಡರೆ ಕೇಸು ಮುಗೀತು ಅಂತ ಕಾನೂನಲ್ಲಿ ಇಲ್ಲಮ್ಮ. ನಿರ್ಲಕ್ಷ್ಯದ ಸಾವು ರಾಜಿಯಾಗುವ ಅಪರಾಧವೇ ಅಲ್ಲ. ನಿಮ್ಮಪ್ಪ ಸಹಿ ಮಾಡಿದ್ದರೂ ಪರವಾಗಿಲ್ಲ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ. ಆಗ ದೂರು ದಾಖಲಾಗಿತ್ತಾ, ಮರಣೋತ್ತರ ಪರೀಕ್ಷೆ ಆಗಿತ್ತಾ ಅನ್ನೋದನ್ನ ಮೊದಲು ತಿಳಿದುಕೊಳ್ಳಿ. ಹೋಗಲೇಬೇಕು ಅಂತ ಹೇಳಲ್ಲ. ಅದೇ ಲೈನಲ್ಲಿ ಮಲಗಬೇಕಾದವರು ನೀವು.

ಮಿಡ್‌ವೆಸ್ಟ್ ಕೊಡಗು

ಗೋಣಿಕೊಪ್ಪದಲ್ಲಿ ಓದಿದವನು, ಈಗ ಅಮೆರಿಕದಲ್ಲಿದ್ದೇನೆ. ಇಲ್ಲಿನ ಕಥೆ ಬೇರೆ, ಇಲ್ಲಿಯದನ್ನ ತಂದು ಅಲ್ಲಿಗೆ ಅಂಟಿಸೋ ಉದ್ದೇಶ ಇಲ್ಲ. 2020ರಿಂದ ಈಚೆಗೆ ಇಲ್ಲಿ ಮಕ್ಕಳು, ಹದಿಹರೆಯದವರ ಸಾವಿಗೆ ಮೊದಲನೇ ಕಾರಣವೇ ಬಂದೂಕು. ನಮ್ಮೂರಿಗೆ ಅದನ್ನ ಹೋಲಿಸೋಕೇ ಆಗಲ್ಲ. ಆದರೆ ನೆನಪಿಡೋದು ಹೇಗೆ ಅಂತ ಇಲ್ಲಿನ ಮನೆಗಳು ತುಂಬಾ ತಲೆ ಕೆಡಿಸಿಕೊಂಡಿವೆ. ಅದಕ್ಕೇ ಬರೀತಿದ್ದೇನೆ.

ಶಿಕಾಗೋದಲ್ಲಿ ಹದಿಯಾ ಪೆಂಡಲ್‌ಟನ್ ಅಂತ 15 ವರ್ಷದ ಹುಡುಗಿ. ಒಬಾಮ ಎರಡನೇ ಸಲ ಅಧ್ಯಕ್ಷರಾದ ಸಮಾರಂಭದಲ್ಲಿ ಶಾಲೆಯ ತಂಡದ ಜೊತೆ ಕುಣಿದು ಬಂದವಳು. ಆಮೇಲೆ ವಾರ ಕಳೆದಿತ್ತಷ್ಟೆ, 2013ರ ಜನವರಿ 29ರಂದು ಪಾರ್ಕಿನಲ್ಲಿ ಗೆಳತಿಯರ ಜೊತೆ ನಿಂತಿದ್ದಾಗ ಗುಂಡು ತಗುಲಿತು. ಯಾರನ್ನೋ ಹೊಡೆಯೋಕೆ ಬಂದವರು ಈ ಮಕ್ಕಳನ್ನ ಅವರೇ ಅಂದುಕೊಂಡರು. ಅವಳ ಗೆಳೆಯರು ನೆನಪಿಗೆ ಕಿತ್ತಳೆ ಬಣ್ಣ ಹಾಕೋಕೆ ಶುರು ಮಾಡಿದರು. ಯಾಕೆ ಕಿತ್ತಳೆ ಅಂದರೆ, ಇಲ್ಲಿ ಬೇಟೆಗೆ ಹೋಗುವವರು ‘ನಾನು ಮನುಷ್ಯ, ಹೊಡೆಯಬೇಡ’ ಅಂತ ಗೊತ್ತಾಗಲಿ ಎಂದು ಹಾಕೋ ಬಣ್ಣ ಅದು. 2015ರಿಂದ ಅವಳ ಹುಟ್ಟುಹಬ್ಬವಾದ ಜೂನ್ 2ರ ಸುಮಾರಿಗೆ ದೇಶದ ತುಂಬಾ ಹಾಕ್ತಾರೆ. ಏಡಿ ಹಿಡಿಯೋಕೆ ಹೋದ ಹುಡುಗನ ವಿಷಯ ಓದಿದಾಗ ನನಗೆ ತಟ್ಟನೆ ನೆನಪಾದದ್ದು ಇದೇ.

ಇನ್ನೊಂದು ನಾನೇ ವಾಷಿಂಗ್ಟನ್ನಿನಲ್ಲಿ ನೋಡಿದ್ದು. ನಾಲ್ಕು ಗಾಜಿನ ಮನೆ ಕಟ್ಟಿದ್ದರು, ಒಂದೊಂದಕ್ಕೂ 700 ಗಾಜಿನ ಇಟ್ಟಿಗೆ. ಈ ದೇಶದಲ್ಲಿ ವಾರಕ್ಕೆ ಸರಾಸರಿ ಅಷ್ಟು ಜನ ಗುಂಡಿಗೆ ಸಾಯ್ತಿದ್ದರು, ಆ ಲೆಕ್ಕ. 2019ರಲ್ಲಿ ಮೊದಲು ಶಿಕಾಗೋದಲ್ಲಿ ಇಟ್ಟಿದ್ದರು. ಇಟ್ಟಿಗೆ ಒಳಗೆ ಟೊಳ್ಳು. ಕಳಕೊಂಡ ಮನೆಯವರು ಏನಾದರೊಂದು ತಂದು ಅದರೊಳಗೆ ಇಡ್ತಾರೆ: ಮಗುವಿನ ಶೂ, ಪದವಿ ದಿನದ ಟೊಪ್ಪಿಯ ಗೊಂಡೆ, ಒಂದು ಫೋಟೋ. ಇಟ್ಟಿಗೆ ಮೇಲೆ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ. ಹೇಗೆ ಸತ್ತರು, ಯಾರು ಹೊಡೆದರು ಅಂತ ಒಂದಕ್ಷರ ಇಲ್ಲ. ಬಂದೂಕಿನ ಚಿತ್ರವೂ ಇಲ್ಲ. ನಾನು ಹೊರಗೆ ಬಂದಾಗ ತಲೆಯಲ್ಲಿ ಉಳಿದದ್ದು ಆ ಪುಟ್ಟ ಶೂ.

ನಮ್ಮ ಕಡೆ ಎಲ್ಲವೂ ಕೋವಿಯ ಸುತ್ತಲೇ ತಿರುಗುತ್ತಿದೆ ಅಂತ ನನಗನ್ನಿಸಿದ್ದು ಅದಕ್ಕೇ. ಕಕ್ಕಡಮಳೆ, ನಿಮ್ಮ ತಮ್ಮನದ್ದು ಏನಿದೆ ಮನೆಯಲ್ಲಿ?

ಕಕ್ಕಡಮಳೆ

ಹಾಕಿ ಸ್ಟಿಕ್ ಇದೆ, ಟೇಪು ಸುತ್ತಿದ್ದು. ಬೈಕ್ ಮಾರಿದರು. ಅವನ ಮೊಬೈಲ್ ಚಿಕ್ಕಮ್ಮನ ಹತ್ತಿರ ಇದೆ. ನಂಬರ್ ಬೇರೆಯವರಿಗೆ ಹೋಗಬಾರದು ಅಂತ ಈಗಲೂ ರೀಚಾರ್ಜ್ ಮಾಡಿಸ್ತಾರೆ. ದಿನಾ ಚಾರ್ಜಿಗೆ ಹಾಕ್ತಾರೆ. ಹಾಡು ಬಂದರೆ ತಲೆ ಎತ್ತಿ ನೋಡ್ತಾರೆ, ಬ್ಯಾಂಕಿನವರು ಸಾಲ ಬೇಕಾ ಅಂತ ಮಾಡಿರ್ತಾರೆ. ‘ಅವನಿಲ್ಲ, ಗದ್ದೆಗೆ ಹೋಗಿದ್ದಾನೆ’ ಅಂತ ಹೇಳಿ ಇಡ್ತಾರೆ.

ಮಡಿಕೇರಿ ಮಂಜು

ಮೇಷ್ಟರಾಗಿದ್ದವನು, ಅದಕ್ಕೇ ಸ್ವಲ್ಪ ಎಳೀತೀನಿ, ಕ್ಷಮಿಸಿ.

ನಮ್ಮ ಜಿಲ್ಲೆಯಲ್ಲಿ ಹುಡುಗ ಹೋದರೆ ಮೊದಲು ಹೊಳೆಯೋದು ಜ್ಞಾಪಕಾರ್ಥ ಪಂದ್ಯಾವಳಿ. ಒಳ್ಳೆಯದೇ. ಆದರೆ ಎರಡು ಮೂರು ವರ್ಷ ಆಗೋಷ್ಟರಲ್ಲಿ ಬ್ಯಾನರಿನಲ್ಲಿ ಹುಡುಗನ ಫೋಟೋ ಚಿಕ್ಕದಾಗುತ್ತೆ, ಪ್ರಾಯೋಜಕರ ಫೋಟೋ ದೊಡ್ಡದಾಗುತ್ತೆ. ಕಪ್ ಕೊಡೋಕೆ ಬರೋ ಗಣ್ಯರಿಗೆ ಆ ಹುಡುಗ ಯಾರು ಅಂತ ಪಕ್ಕದವರು ಕಿವಿಯಲ್ಲಿ ಹೇಳಬೇಕು. ತಾಯಿ ಶಾಲು ಹೊದೆಸಿಕೊಂಡು ಕುರ್ಚಿಯಲ್ಲಿ ಕೂತಿರ್ತಾಳೆ. ಇನ್ನೊಂದು, ಗುಂಡಿನಿಂದ ಹೋದವನು ಅಂತ ಯಾರೂ ಬಾಯಿ ಬಿಡಲ್ಲ. ‘ಅಕಾಲಿಕ ನಿಧನ’. ಆಸ್ತಿ ಜಗಳದಲ್ಲಿ ಸ್ವಂತ ದಾಯಾದಿಯೇ ಗುಂಡು ಹಾರಿಸಿದ್ದರೂ ಅದೇ ಎರಡು ಪದ.

ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ಹೀಗೆ ಹೋದ. ವರ್ಷವೆಲ್ಲ ಆ ಬೆಂಚಿನಲ್ಲಿ ಯಾರೂ ಕೂರಲಿಲ್ಲ, ನಾವೂ ಯಾರನ್ನೂ ಕೂರಿಸಲಿಲ್ಲ. ಮಕ್ಕಳ ಹತ್ತಿರ ಅದರ ಬಗ್ಗೆ ಒಂದು ಮಾತು ಆಡಿ ಅಂತ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಮಕ್ಕಳೇ ಡೆಸ್ಕಿನ ಅಡಿಯಲ್ಲಿ ಅವನ ಹೆಸರು ಕೈವಾರದಲ್ಲಿ ಕೆತ್ತಿದ್ದರು.

ಸಿದ್ದಾಪುರದ ಸೊಸೆ

ಎಲ್ಲರೂ ಹೋದವರ ಬಗ್ಗೆ ಹೇಳ್ತಿದ್ದೀರಿ. ಇಂಥದ್ದೇ ಇನ್ನೊಂದು ಘಟನೆಯಲ್ಲಿ ಕೋವಿ ಹಿಡಿದಿದ್ದವನ ಹೆಂಡತಿ ನಾನು.

ನಮ್ಮವರಿಗೆ ಆಗ ಹದಿನೆಂಟು ತುಂಬಿತ್ತಷ್ಟೆ. ಗೆಳೆಯ ಹೋದ. ಮದುವೆಗೆ ಮುಂಚೆ ನನಗೆ ಎಲ್ಲಾ ಹೇಳಿದ್ದರು, ‘ಇದನ್ನ ಕೇಳಿ ಆಮೇಲೆ ಹೂಂ ಅನ್ನು’ ಅಂತ. ಈಗಲೂ ಹುತ್ತರಿಗೆ ಕದಿರು ತೆಗೆಯುವಾಗ ಈಡು ಹೊಡೀತಾರಲ್ಲ, ಅದಕ್ಕೆ ಮುಂಚೆಯೇ ಕೊಟ್ಟಿಗೆ ಕಡೆ ಹೋಗಿಬಿಡ್ತಾರೆ. ‘ಹಸು ಹೆದರುತ್ತೆ’ ಅಂತಾರೆ. ಹಸು ಮಾರಿ ಎಷ್ಟೋ ಕಾಲ ಆಯ್ತು.

ಕಕ್ಕಡಮಳೆ, ನಿಮ್ಮ ದೊಡ್ಡಪ್ಪನ ಮಗನಿಗೆ ವಾಟ್ಸಾಪಿನಲ್ಲಿ ‘ಹಬ್ಬಕ್ಕೆ ಬಾ’ ಅಂತ ಹಾಕಬೇಡಿ. ಅವನು ಬರಲ್ಲ. ಬೆಂಗಳೂರಿಗೇ ಹೋಗಿ, ಮದುವೆಗೆ ಕರೆಯೋ ಹಾಗೆ ಬಾಗಿಲಲ್ಲಿ ನಿಂತು ಕರೆಯಿರಿ. ನಮ್ಮವರನ್ನ ಆ ಗೆಳೆಯನ ಅಪ್ಪ ಹಾಗೆ ಕರೆದರು. ಬಹಳ ತಡವಾಗಿ ಕರೆದರು, ಆದರೂ ಕರೆದರು. ಕ್ಷಮಿಸಿದ್ದೀನಿ ಅಂತೆಲ್ಲ ಹೇಳಲಿಲ್ಲ. ‘ಕಾಫಿ ಕುಯ್ಲಿಗೆ ಆಳು ಸಾಲ್ತಿಲ್ಲ, ನೀನು ಬಾ’ ಅಂದರು. ಇವರು ಹೋದರು. ಈಗ ಪ್ರತಿ ಕುಯ್ಲಿಗೂ ಹೋಗ್ತಾರೆ.

ಒಂದು ಎಚ್ಚರಿಕೆ. ನಿಮ್ಮ ಚಿಕ್ಕಮ್ಮನ್ನ ಕೇಳದೆ ಅವನನ್ನ ಕರೆಯಬೇಡಿ. ಅವರು ಬೇಡ ಅಂದರೆ ಬೇಡ.

ಹಾಕಿಮೈದಾನ

ಲೈನ್‌ಮನೆಯವಳು ಬರೆದದ್ದು ಓದಿದ ಮೇಲೆ ಎರಡು ದಿನ ಇಲ್ಲಿಗೆ ಬರಲಿಲ್ಲ. ಕೋವಿ ನಮ್ಮ ಹಕ್ಕು ಅನ್ನೋದರಲ್ಲಿ ನಾನು ಈಗಲೂ ಹಾಗೇ ಇದ್ದೀನಿ. ಆದರೆ ರಾತ್ರಿ ಮರಸು ಕೂತು, ಕಂಡದ್ದಕ್ಕೆಲ್ಲ ಹೊಡೆಯೋನಿಗೆ ಆ ಹಕ್ಕಿನ ನೆರಳು ಸಿಗಬಾರದು. ಅವನನ್ನ ಊರು ಮುಚ್ಚಿಡೋದೂ ತಪ್ಪೇ. ನಮ್ಮ ಕ್ಲಬ್ಬಿನ ತೆಂಗಿನಕಾಯಿ ಸ್ಪರ್ಧೆಗೆ ಬರುವ ಹುಡುಗರು ಮೊದಲು ಬೇಲಿ ದಾಟಿ ತೋರಿಸಬೇಕು ಅಂತ ನಿಯಮ ಮಾಡಿದರೆ ಹೇಗೆ? ಗದ್ದೆಬದು ಅಣ್ಣನ ಅಜ್ಜ ಮಾಡ್ತಿದ್ದ ಹಾಗೆ. ಸರಿಯಾಗಿ ದಾಟದವನಿಗೆ ಗುರಿ ಇಡೋಕೆ ಅವಕಾಶ ಇಲ್ಲ.

ಕರಿಮೆಣಸು

ಇದು ಬೇಕಿತ್ತು. ಹುಡುಗಿಯರಿಗೂ ಇರಲಿ, ಈಗ ಅವರೂ ಹೊಡೀತಾರೆ.

ಲೈನ್‌ಮನೆಯವಳು

ಅಣ್ಣ ಓದಿದ್ದ ಶಾಲೆಗೆ ಹೋಗಿ ಕೇಳಿದೆ. ಏಳನೇ ತರಗತಿಯ ಗುಂಪು ಫೋಟೋ ಸಿಕ್ಕಿತು. ಎರಡನೇ ಸಾಲಿನಲ್ಲಿ ನಿಂತಿದ್ದಾನೆ, ಅರ್ಧ ಮುಖ ಮುಂದಿನವನ ತಲೆಯ ಹಿಂದೆ. ಯೂನಿಫಾರ್ಮಿನ ಮೇಲಿನ ಗುಂಡಿ ಇಲ್ಲ. ಅಮ್ಮ ನೋಡಿದ ತಕ್ಷಣ ‘ಗುಂಡಿ ಹಾಕ್ಕೊಂಡು ಹೋಗು ಅಂದರೆ ಕೇಳ್ತಿರಲಿಲ್ಲ’ ಅಂತ ಬೈದಳು. ಕೋಟಿನ ಫೋಟೋ ತೆಗೆದು ಇದನ್ನ ಹಾಕಿದ್ದೀವಿ. ಕಾನೂನು ಸೇವೆಯವರ ಹತ್ತಿರ ಹೋಗೋದು ಇನ್ನೂ ಯೋಚನೆ ಮಾಡ್ತಿದ್ದೀನಿ. ಅಪ್ಪ ಬೇಡ ಅಂತಾನೆ, ಅಮ್ಮ ಏನೂ ಹೇಳಲ್ಲ.

ಕಕ್ಕಡಮಳೆ

ಹಬ್ಬ ಆಯ್ತು. ಏನಾಯ್ತು ಅಂತ ಕೇಳಿದವರಿಗೆ ಹೇಳ್ತೀನಿ.

ಕೋವಿಯನ್ನ ಯಾರಿಗೂ ಕೊಡೋದಿಲ್ಲ ಅಂತ ಪಟ್ಟೆದಾರರು ಹಟ ಹಿಡಿದರು. ಕೊನೆಗೆ ಖಾಕಿಯವರು ಹೇಳಿದ ಹಾಗೆ ವ್ಯಾಪಾರಿಯ ಹತ್ತಿರ ಇಟ್ಟು ರಸೀದಿ ತಂದಿದ್ದೇವೆ. ಮಾರಿಲ್ಲ, ಮನೆಯಲ್ಲೂ ಇಲ್ಲ. ಈ ವರ್ಷಕ್ಕೆ ಇಷ್ಟು. ಮುಂದಿನ ವರ್ಷ ಮತ್ತೆ ಜಗಳ ಆಗೋದು ಗ್ಯಾರಂಟಿ.

ದೊಡ್ಡಪ್ಪನ ಮಗ ಅಣ್ಣನನ್ನ ಕರೆಯೋದಾ ಅಂತ ಚಿಕ್ಕಮ್ಮನ್ನ ಕೇಳಿದೆ. ಆವತ್ತು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ‘ಅವನಿಗೆ ಕಡಂಬುಟ್ಟು ಇಷ್ಟ’ ಅಂದರು, ಹಬ್ಬದ ಅಕ್ಕಿ ಕಡುಬು ಅದು. ನಾನೂ ನಮ್ಮೆಜಮಾನರೂ ಬೆಂಗಳೂರಿಗೆ ಹೋಗಿ ಕರೆದು ಬಂದೆವು. ಬಂದ. ಪೂಜೆ ಹೊತ್ತಿಗೆ ಒಳಗೆ ಬರಲಿಲ್ಲ, ಅಂಗಳದಲ್ಲೇ ಇದ್ದ. ಊಟಕ್ಕೆ ಬಂದು ಕೂತ. ಚಿಕ್ಕಮ್ಮ ಕೇಳಿದ್ದು ಒಂದೇ: ‘ಯಾವ ಬಸ್ಸಿಗೆ ಬಂದೆ?’ ಅವನು ಹೇಳಿದ. ಅದಕ್ಕಿಂತ ಮುಂದೆ ಮಾತು ಹೋಗಲಿಲ್ಲ. ಸಂಜೆ ಬಸ್ಸಿಗೇ ಹೊರಟ. ಸಮಾಧಾನ ಆಯ್ತು ಅಂತ ನಾನು ಹೇಳಲ್ಲ, ದೊಡ್ಡಪ್ಪನ ಮನೆಯವರಿಗೂ ಚಿಕ್ಕಪ್ಪನ ಮನೆಯವರಿಗೂ ಇನ್ನೂ ಹತ್ತಾರು ಮಾತು ಬಾಕಿ ಇದೆ.

ಲೈನ್‌ಮನೆಯ ತಂಗಿ, ನಿಮಗೆ ಖಾಸಗಿಯಾಗಿ ಬರೆದಿದ್ದೇನೆ, ನೋಡಿ.

ಹಾಕಿಮೈದಾನ

ಈ ಸಲ ಸ್ಪರ್ಧೆಗೆ ಮುಂಚೆ ಬೇಲಿ ಕಟ್ಟಿ ದಾಟಿಸಿದೆವು. ಅರ್ಧಕ್ಕಿಂತ ಹೆಚ್ಚು ಹುಡುಗರು ತೋಟೆ ತೆಗೆಯೋದನ್ನೇ ಮರೆತರು. ದೊಡ್ಡವರೂ ಮರೆತರು, ಅದು ಬೇರೆ ಮಾತು. ಹುತ್ತರಿಗೆ ಮುಂಚೆ ಇನ್ನೊಂದು ಸಲ ಮಾಡಬೇಕು. ಖಾಕಿ ಸರ್, ನೀವು ಬರ್ತೀರಾ?

ನಿವೃತ್ತ ಖಾಕಿ

ಬರ್ತೀನಿ. ಭಾನುವಾರ ಇಟ್ಟುಕೊಳ್ಳಿ, ಶನಿವಾರ ನನಗೆ ಸಂತೆ. ಕೋವಿ ತನ್ನಿ, ತೋಟೆ ಒಂದೂ ತರಬೇಡಿ.